ಎಂಟನೇ ಕಾರ್ಡು

ಮನೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಅಳತೆಯ ಪ್ರಕಾರ ಸಾಲಾಗಿ ನಿಲ್ಲಿಸಿ, ಬೆನ್ನ ಹಿಂದೆ ಕೈಕಟ್ಟಿಕೊಂಡು ಪರಿಶೀಲಿಸುತ್ತಿದ್ದ ಹುಡುಗನಿಗೆ ಅವನಕ್ಕ ‘ಸೇನಾಪತಿ’ ಎಂಬ ಬಿರುದು ಕೊಟ್ಟಾಗ ಅವನಿಗೆ ಆರು ವರ್ಷ. ಈಗ ಇಪ್ಪತ್ತನಾಲ್ಕು. ಬಿರುದು ಹಾಗೇ ಇದೆ. ಸೈನ್ಯ ಮಾತ್ರ ಚಪ್ಪಲಿಯಿಂದ ಹಾಸಿಗೆಗೆ ಬಡ್ತಿ ಪಡೆದಿದೆ.

ಇವನ ಕಲಿಕೆ ನಿಧಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸುಳ್ಳಲ್ಲ. ಶೂ ದಾರ ಕಟ್ಟುವ ವಿದ್ಯೆ ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು. ಆದರೆ ಒಮ್ಮೆ ಹತ್ತಿತೆಂದರೆ ಅದು ಕಲ್ಲಲ್ಲಿ ಕೊರೆದ ಶಾಸನ, ಅಳಿಸಲು ಯಾರಪ್ಪನಿಂದಲೂ ಸಾಧ್ಯವಿಲ್ಲ. ಈ ಎರಡನೆಯ ಸಂಗತಿಯನ್ನು ಡಾಕ್ಟರು ಹೇಳಿರಲಿಲ್ಲ.

ಶಾಲೆ ಮುಗಿದ ಮೇಲೆ ಸೇನಾಪತಿ ನಾಲ್ಕು ವರ್ಷ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬಸ್ಸು ಎಣಿಸಿದ. ದಿನಕ್ಕೆ ನೂರಾ ಹನ್ನೆರಡು. ಒಂದು ಕಡಿಮೆಯಾದರೆ ಸಾರಿಗೆ ಇಲಾಖೆಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಕುರ್ಚಿಯ ಮೆತ್ತೆಯಲ್ಲಿ ಅವನ ಆಕಾರದ ಹಳ್ಳ ಬಿದ್ದಿತ್ತು. ಊರಿನ ಕಾಲೇಜಿನಲ್ಲಿ ಇಂಥ ಯುವಕ ಯುವತಿಯರಿಗೆಂದೇ ಎರಡು ವರ್ಷದ ಕೆಲಸದ ತರಬೇತಿ ಶುರುವಾಗಿದೆ ಎಂದು ತಿಳಿದ ದಿನ ಅವನಮ್ಮ ಕೇಳಿದರು: “ಹೋಗ್ತೀಯೇನೋ ಮಗಾ?”

“ಕಿಟಕಿ ಸಾಕು,” ಎಂದು ಅವನು ಎದ್ದು ಶೂ ಹಾಕಿಕೊಂಡ. ಅರ್ಜಿ ಕೊಡುವುದಕ್ಕೇ ಇನ್ನೂ ಹತ್ತು ದಿನವಿತ್ತು.

ಮೊದಲ ವರ್ಷ ಬಸ್ಸು ಹತ್ತುವುದು, ಗಡಿಯಾರ ನೋಡುವುದು, ಮತ್ತು ಮೇಲಿನವರಿಗೆ “ನಂಗರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ” ಅನ್ನುವುದನ್ನು ಕಲಿಸಿದರು. ಈ ಕೊನೆಯ ಪಾಠವನ್ನು ನಮಗೂ ಯಾರಾದರೂ ಕಲಿಸಿದ್ದರೆ ಎಷ್ಟೋ ಸಂಸಾರಗಳು ಸುಖವಾಗಿರುತ್ತಿದ್ದವು. ಎರಡನೆಯ ವರ್ಷ ಅವನನ್ನು ಹೋಟೆಲ್ ಕೋಣೆ ಸಜ್ಜುಗೊಳಿಸುವ ಕೆಲಸಕ್ಕೆ ಹಾಕಿದರು. ಟೀಚರ್ ತಾವೇ ನಿಂತು ಫೋಟೋ ತೆಗೆಸಿಕೊಂಡು ಹನ್ನೆರಡು ಕಾರ್ಡು ಮಾಡಿದ್ದರು. ಒಂದನೆಯದರಲ್ಲಿ ಬಾಗಿಲು ತಟ್ಟುವುದು, ಎರಡನೆಯದರಲ್ಲಿ ಪರದೆ ಸರಿಸುವುದು, ಹೀಗೆ ಒಂದೊಂದು ಕಾರ್ಡಿಗೆ ಒಂದೊಂದು ಕೆಲಸ. ಸೇನಾಪತಿಗೆ ಆ ಕಾರ್ಡುಗಳೇ ಯುದ್ಧನೀತಿ. ಒಂದು ಮುಗಿಯದೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ.

ವರ್ಷದ ಕೊನೆಗೆ ಪರೀಕ್ಷೆ ಬಂತು. ದೊಡ್ಡ ಹೋಟೆಲಿನಲ್ಲಿ ಮೂರು ಕೋಣೆ, ಒಬ್ಬನೇ, ಪಕ್ಕದಲ್ಲಿ ಹೇಳಿಕೊಡುವವರಿಲ್ಲ. ಗೆದ್ದರೆ ಅಲ್ಲೇ ಕೆಲಸ. ಸೋತರೆ ತರಬೇತಿ ಮುಗಿಯಿತು, ಕಿಟಕಿ ಕುರ್ಚಿ ಕಾದಿದೆ. ಹಿಂದಿನ ದಿನ ಅಕ್ಕ ಅವನ ಸಮವಸ್ತ್ರದ ಗುಂಡಿ ಬಿಗಿಮಾಡುತ್ತ ಕೆಣಕಿದಳು: “ಏನೋ ಸೇನಾಪತಿ, ನಾಳೆ ಸೋತು ಬಂದ್ರೆ?”

“ಕುರ್ಚಿ ಕೊಟ್ಬಿಡು.”

“ಯಾರಿಗೋ?”

“ಯಾರಿಗಾದ್ರೂ. ನಾನು ನಿಂತ್ಕೋತೀನಿ.”

ಅಕ್ಕ ಆಮೇಲೆ ತುಂಬ ಹೊತ್ತು ದಾರ ಪೋಣಿಸುತ್ತಲೇ ಇದ್ದಳು. ಸೂಜಿಯ ಕಣ್ಣು ಕಾಣಿಸಲಿಲ್ಲವಂತೆ.

ಹೋಟೆಲಿನ ಕೋಣೆಗಳೆಲ್ಲ ಒಬ್ಬ ಮೇಡಂ ಆಳ್ವಿಕೆಯಲ್ಲಿದ್ದವು. ಮೂವತ್ತು ವರ್ಷದ ಅನುಭವ, ಕಿವಿಯ ಮೇಲೊಂದು ಪೆನ್ಸಿಲ್, ಅತಿಥಿಯ ಹಾಸಿಗೆಯ ಮೇಲೆ ನೊಣ ಕೂತೆದ್ದರೂ ಗುರುತು ಹಿಡಿಯುವ ಕಣ್ಣು. ಟೀಚರನ್ನು ಹೊರಗೆ ಕಾರಿಡಾರಿನಲ್ಲಿ ಕೂರಿಸಿ, ಮೇಡಂ ಕೋಣೆಯ ಮೂಲೆಯಲ್ಲಿ ನಿಂತರು.

ಸೇನಾಪತಿ ಬಾಗಿಲು ತಟ್ಟಿದ. ಪರದೆ ಸರಿಸಿದ. ಹಳೆ ಹಾಸುಬಟ್ಟೆ ತೆಗೆದು, ಹೊಸದು ಹಾಸಿ, ಮೂಲೆಗಳನ್ನು ಲಕೋಟೆ ಮಡಿಸಿದಂತೆ ಮಡಿಸಿ ಒಳಗೆ ಸೇರಿಸಿದ. ದಿಂಬುಗಳು ಎದೆಯುಬ್ಬಿಸಿ ನಿಂತವು. ಮೇಡಂ ಹುಬ್ಬು ಒಂದು ಕೂದಲಿನಷ್ಟು ಮೇಲೇರಿತು; ಅವರ ಮಟ್ಟಿಗೆ ಅದೇ ಶಹಬ್ಬಾಸ್. ಆಮೇಲೆ ಸೇನಾಪತಿ ಎಂಟನೇ ಕಾರ್ಡು ನೋಡಿ, ನೀಲಿ ಮುಚ್ಚಳದ ಬಾಟಲಿ ತೆಗೆದು, ಗರಿಗರಿಯಾದ ಆ ಹಾಸಿಗೆಯ ಎಡತುದಿಯಲ್ಲಿ ಆರಾಮಾಗಿ ಕೂತು, ಮೂರು ಗುಟುಕು ನೀರು ಕುಡಿದ.

“ಏಯ್! ಏನಪ್ಪಾ ಇದು? ಅತಿಥಿ ಹಾಸಿಗೆ ಕಣೋ ಅದು!”

“ಎಂಟನೇ ಕೆಲಸ ಮೇಡಂ,” ಎಂದ ಸೇನಾಪತಿ ನಿರ್ವಿಕಾರವಾಗಿ, ಮುಚ್ಚಳ ತಿರುಗಿಸುತ್ತ.

ಮೇಡಂ ಬಾಗಿಲು ತೆರೆದು ಕರೆದ ಧಾಟಿಗೆ ಟೀಚರ್ ಓಡಿ ಬಂದರು. ಕಾರ್ಡು ನೋಡಿದರು. ಅವರ ಮುಖ ಹೊಸ ಹಾಸುಬಟ್ಟೆಗಿಂತ ಬಿಳಿಯಾಯಿತು. ಫೋಟೋ ತೆಗೆಸಿಕೊಂಡ ದಿನ ಸೆಕೆಗೆ ಸುಸ್ತಾಗಿ ಅವರು ಮಂಚದ ತುದಿಯಲ್ಲಿ ಕೂತು ನೀಲಿ ಮುಚ್ಚಳದ ಬಾಟಲಿಯಿಂದ ನೀರು ಕುಡಿದಿದ್ದರು. ಕ್ಯಾಮೆರಾ ಹಿಡಿದವರು ಅದನ್ನೂ ತೆಗೆದರು, ನಂಬರು ಹಾಕಿದವರು ಅದಕ್ಕೂ ಹಾಕಿದರು. ಕಾಲೇಜಿನ ಹಳೇ ಮಂಚದ ಮೇಲೆ ಅಭ್ಯಾಸ ಮಾಡುವಾಗ ಹುಡುಗ ಒಂದೊಂದು ಸಲವೂ ಕೂರುವುದನ್ನು ನೋಡಿ, ಪಾಪ ದಣಿದಿದ್ದಾನೆ ಎಂದುಕೊಂಡಿದ್ದರು. ನೀಲಿ ಮುಚ್ಚಳದ್ದೇ ಬಾಟಲಿ ಬೇಕೆಂದು ಅವನು ಅಕ್ಕನನ್ನು ನಾಲ್ಕು ಅಂಗಡಿ ಸುತ್ತಿಸಿದ್ದು ಯಾಕೆಂದು ಈಗ ತಿಳಿಯಿತು.

“ಮೇಡಂ, ತಪ್ಪು ಅವನದಲ್ಲ. ಈ ಫೋಟೋದಲ್ಲಿ ಕೂತಿರೋಳು ನಾನೇ.”

“ಹಾಗಾದ್ರೆ ಫೇಲಾಗಿದ್ದು ನೀವು,” ಎಂದರು ಮೇಡಂ. “ಅದನ್ನ ತೆಗೀರಿ. ಮುಂದಿನದು ಮಾಡ್ಲಿ.”

ಟೀಚರ್ ಕಾರ್ಡು ಕಿತ್ತುಕೊಂಡರು. ಸೇನಾಪತಿ ಕೈಯಲ್ಲಿದ್ದ ಕಟ್ಟನ್ನು ನೋಡಿದ. ಏಳಾದ ಮೇಲೆ ಒಂಬತ್ತು. ಅವನು ಅಲ್ಲೇ ನಿಂತ. ಒಂಬತ್ತನೆಯದರಲ್ಲಿ ಹೊದಿಸಬೇಕಾದ ಕಂಬಳಿ ಕೈಗೆಟುಕುವಷ್ಟು ಹತ್ತಿರವಿತ್ತು, ಆದರೆ ನಡುವೆ ಸೇತುವೆ ಮುರಿದಿತ್ತು.

“ಬಿಟ್ಬಿಡು ಮರಿ, ಒಂಬತ್ತು ಮಾಡು,” ಎಂದು ಟೀಚರ್ ಅಂಗಲಾಚಿದರು.

“ಎಂಟಿಲ್ದೆ ಒಂಬತ್ತು ಎಲ್ಲಿಂದ ಬರತ್ತೆ ಟೀಚರ್?” ಅವನು ಕಾರ್ಡುಗಳನ್ನು ಮತ್ತೆ ಒಂದರಿಂದ ಎಣಿಸಿದ. “ನಂಗರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಮೇಡಂ ಗಡಿಯಾರ ನೋಡಿದರು, ಹುಡುಗನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಅವರ ಕೈಕೆಳಗೆ ಬಂದವರೆಲ್ಲ ಅರ್ಥವಾಗದಿದ್ದರೂ ತಲೆಯಾಡಿಸಿದವರೇ. ಹೀಗೆ ಕೇಳಿದವನು ಇವನೊಬ್ಬನೇ.

“ಸರಿ. ಬಾ ಇಲ್ಲಿ.” ಅವನನ್ನು ಬಾಗಿಲ ಬಳಿ ಕರೆದೊಯ್ದರು. “ಎಂಟಕ್ಕೆ ನಾನು ಮಾಡೋದು ಹೇಳ್ಕೊಡ್ತೀನಿ. ಇಲ್ಲಿ ನಿಂತ್ಕೊ. ಅತಿಥಿ ಒಳಗ್ ಬಂದ್ರೆ ಮೊದಲು ಕಣ್ಣಿಗೆ ಬೀಳೋದು ಏನು, ನೋಡು. ತಪ್ಪಿದ್ರೆ ಸರಿಮಾಡು.” ತಮ್ಮ ಪೆನ್ಸಿಲ್ ತೆಗೆದು ಹೋಟೆಲಿನ ಚೀಟಿಯ ಮೇಲೆ ದಪ್ಪಗೆ ಎಂಟು ಬರೆದು ಕಟ್ಟಿನೊಳಗೆ ಸೇರಿಸಿದರು. ಕೈಯಲ್ಲಿದ್ದ ಪೆನ್ಸಿಲನ್ನು ಮರೆತು ಅವನ ಕಿವಿಗೇ ಸಿಕ್ಕಿಸಿದರು.

ಸೇನಾಪತಿ ಬೆನ್ನ ಹಿಂದೆ ಕೈಕಟ್ಟಿದ. ಹದಿನೇಳು ವರ್ಷ ಚಪ್ಪಲಿ ದಂಡನ್ನು ಆಳಿದ ಕಣ್ಣು ಹಾಸಿಗೆಯ ಮೇಲೆ ಹರಿಯಿತು.

“ಎಡತುದಿ ಕುಸಿದಿದೆ ಮೇಡಂ,” ಎಂದ ಗಂಭೀರವಾಗಿ. “ಯಾರೋ ಕೂತಿದ್ರು ಅನ್ಸತ್ತೆ.”

ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಸ್ವಲ್ಪ ಹೊತ್ತು ಕುಲುಕುತ್ತಿತ್ತು. ಟೀಚರ್ ಈ ಸಲ ತಾವೇ ಫೋನಿನಲ್ಲಿ ಹಾಗೇ ನಿಂತಿದ್ದ ಹುಡುಗನ ಫೋಟೋ ತೆಗೆದರು. ಸೇನಾಪತಿ ತುದಿಯನ್ನು ಎಳೆದು ಸರಿಮಾಡಿದ, ಒಂಬತ್ತಕ್ಕೆ ಹೋದ, ಹನ್ನೆರಡು ಮುಗಿಸಿದ, ಇನ್ನೆರಡು ಕೋಣೆಗಳನ್ನೂ ಗೆದ್ದುಕೊಂಡ. ಒಂದರಲ್ಲೂ ಕೂರಲಿಲ್ಲ. ನೀರನ್ನು ಕಾರಿಡಾರಿನಲ್ಲಿ ಕುಡಿದ.

ಈಗ ಅವನು ಆ ಹೋಟೆಲಿನ ಮೂರನೇ ಮಹಡಿಯ ಕಾಯಂ ಆಳು. ಕಿಟಕಿ ಕುರ್ಚಿಯಲ್ಲಿ ಅಕ್ಕ ಹೊಲಿಯುವ ಬಟ್ಟೆಯ ರಾಶಿ ಕೂತಿದೆ.

ಈ ವರ್ಷ ಕಾಲೇಜಿನಿಂದ ಹೊಸದಾಗಿ ಐದು ಜನ ಟೀಚರ್ ಜೊತೆ ಹೋಟೆಲಿಗೆ ಬಂದಿದ್ದಾರೆ. ಎಂಟನೇ ಕಾರ್ಡಿನಲ್ಲಿ ಈಗ ಸೇನಾಪತಿಯ ಫೋಟೋ. ಮೊದಲ ದಿನ ಮೇಡಂ ನೋಡುತ್ತಾರೆ: ಹಾಸಿಗೆ ಹಾಸಿದ್ದಾಯಿತು, ದಿಂಬು ನಿಲ್ಲಿಸಿದ್ದಾಯಿತು. ಎಂಟನೇ ಕೆಲಸಕ್ಕೆ ಒಬ್ಬೊಬ್ಬರೂ ಬಾಗಿಲಿಗೆ ಬಂದು, ಜೇಬಿನಿಂದ ಒಂದು ಪೆನ್ಸಿಲ್ ತೆಗೆದು, ಕಿವಿಗೆ ಸಿಕ್ಕಿಸಿಕೊಂಡು, ಬೆನ್ನ ಹಿಂದೆ ಕೈಕಟ್ಟಿ ಹಾಸಿಗೆಯನ್ನು ದಿಟ್ಟಿಸಿದರು.

ಮೇಡಂ ನಿಧಾನವಾಗಿ ಟೀಚರ ಕಡೆ ತಿರುಗಿದರು.

“ನನ್ನ ನೋಡ್ಬೇಡಿ ಮೇಡಂ,” ಎಂದರು ಟೀಚರ್. “ಆ ಪೆನ್ಸಿಲ್ ನಿಮ್ದು.”