ಹಳದಿ ಬಾಲು ಇನ್ನೂ ಮೇಜಿನ ಮೇಲಿತ್ತು

ನಾನು ವೃತ್ತಿಪರ ಸ್ನೂಕರ್ ಆಟಗಾರ್ತಿಯಾಗಿದ್ದುದು ಎರಡೇ ವರ್ಷ. ಆ ಎರಡು ವರ್ಷದಲ್ಲಿ ಗೆದ್ದ ಪಂದ್ಯಗಳು ಮೂರು. ಸೋತವನ್ನು ಎಣಿಸುವುದು ಬಿಟ್ಟಿದ್ದೇನೆ. ಆದರೆ ಕೊನೆಯ ಪಂದ್ಯದ ಮಾತು ಯಾರಾದರೂ ತೆಗೆದರೆ ಈಗಲೂ ಕುಳಿತಲ್ಲಿಂದ ಏಳುತ್ತೇನೆ, ಒಳಗೇನೋ ಕೆಲಸವಿದ್ದವಳ ಹಾಗೆ.

ನಮ್ಮ ಮನೆ ಊಟಿ ಪಕ್ಕದ ಕೆತ್ತಿಯಲ್ಲಿ. ಅಪ್ಪ ಅವ್ವ ಗುಂಡ್ಲುಪೇಟೆ ಕಡೆಯಿಂದ ಬಂದು ಗುತ್ತಿಗೆ ನೆಲದಲ್ಲಿ ಕ್ಯಾರೆಟ್, ಬೀಟ್‌ರೂಟ್ ಬೆಳೆದವರು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಆ ಬೇಸಾಯ ನಡೆಸಿದಳು. ನಾನು ಒಂದು ಕಡೆ ಕೂತ ಹುಡುಗಿಯಲ್ಲ. ಊಟಕ್ಕೆ ಕೂತರೆ ತಟ್ಟೆ ಹಿಡಿದು ಬಾಗಿಲಿಗೆ ಹೋಗುವುದು, ಓದಲು ಕೂತರೆ ಪುಸ್ತಕ ಹಿಡಿದು ಹೊಲದ ಏರಿ ಮೇಲೆ ನಡೆಯುವುದು. "ನಿನ್ ಕಾಲಿಗೆ ಯಾರೇ ಕೀ ಕೊಟ್ಟವ್ರೆ?" ಎಂದು ಅವ್ವ ಬೈಯುತ್ತಿದ್ದಳು. ಬೈದು ಬೈದು ಅವಳಿಗೂ ಅಭ್ಯಾಸವಾಯಿತು.

ಡಿಗ್ರಿ ಮುಗಿಸಿ ಊಟಿಯ ಒಂದು ಹಳೆಯ ಹೋಟೆಲಿನ ರಿಸೆಪ್ಷನ್ನಿಗೆ ಸೇರಿದೆ. ಸೀಸನ್ನಿನಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಮಳೆಗಾಲ ಬಂದರೆ ಗಿರಾಕಿಗಳಿಲ್ಲ, ಮಂಜು ಮಾತ್ರ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಆ ಖಾಲಿ ದಿನಗಳು ನನ್ನನ್ನು ತಿನ್ನುತ್ತಿದ್ದವು. ಲಾಬಿಯ ಹಿಂದೆ ಒಂದು ಉದ್ದನೆಯ ಕೋಣೆ, ಅದರಲ್ಲೊಂದು ಸ್ನೂಕರ್ ಮೇಜು. ಈ ಆಟ ಹುಟ್ಟಿದ್ದೇ ಊಟಿಯಲ್ಲಿ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ಹಾಗೆ ಹೇಳುವವರಲ್ಲಿ ಆಡಿದವರು ಕಡಿಮೆ. ಆ ಕೋಣೆಯನ್ನು ನೋಡಿಕೊಳ್ಳಲು ಒಬ್ಬ ಮಾರ್ಕರ್ ಇದ್ದರು. ಅಂಕ ಬರೆಯುವುದು, ಬಾಲು ಜೋಡಿಸುವುದು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕುವುದು ಅವರ ಕೆಲಸ. ಎಮರಾಲ್ಡ್ ಎಂಬ ಊರಿನ ಕಡೆಯವರು, ನೀಲಗಿರಿಯ ಬಡಗ ಜನ, ಅರವತ್ತರ ಹತ್ತಿರದವರು. ಹೋಟೆಲಿನಲ್ಲಿ ಎಲ್ಲರಿಗೂ ಅವರು ಮಾರ್ಕರಣ್ಣ.

ಒಂದು ಮಧ್ಯಾಹ್ನ ಲಾಬಿಯಲ್ಲಿ ಹತ್ತನೆಯ ಸುತ್ತು ಹೊಡೆಯುತ್ತಿದ್ದವಳನ್ನು ಅವರು ಕರೆದರು.

"ಅಲ್ಲಿ ಸುಮ್ನೆ ಯಾಕಮ್ಮಾ ನಡೀತೀಯಾ? ಇಲ್ಲಿ ಬಾ. ಈ ಟೇಬಲ್ ಸುತ್ತ ನಡಿ. ನಡೆಯಕ್ಕೆ ಒಂದು ಕಾರಣವಾದ್ರೂ ಇರುತ್ತೆ."

ಹಾಗೆ ಶುರುವಾಯಿತು. ಬಿಳಿ ಬಾಲಿಗೆ ಹೊಡೆದು ಅದರಿಂದ ಕೆಂಪು ಬಾಲೊಂದನ್ನು ಮೇಜಂಚಿನ ಪಾಕೆಟ್ಟಿಗೆ ಹಾಕಬೇಕು, ಆಮೇಲೆ ಒಂದು ಬಣ್ಣದ್ದು, ಮತ್ತೆ ಕೆಂಪು. ಹಾಕುತ್ತಾ ಹೋದಷ್ಟೂ ಹೊತ್ತು ಮೇಜು ನಿಮ್ಮದು. ಜೀವನದಲ್ಲಿ ಮೊದಲ ಸಲ ನನ್ನ ಕಾಲಿಗೂ ತಲೆಗೂ ಒಂದೇ ಕೆಲಸ ಸಿಕ್ಕಿತ್ತು. ಡ್ಯೂಟಿ ಮುಗಿದ ಮೇಲೆ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಕೆತ್ತಿಗೆ ಹೋಗುತ್ತಿದ್ದೆ. ಒಂದು ವರ್ಷಕ್ಕೆ ಮಾರ್ಕರಣ್ಣನನ್ನು ಸೋಲಿಸಿದೆ. ಅವರು ಕ್ಯೂ ಕೋಲು ಕೆಳಗಿಟ್ಟು, "ಆಡೋದು ಬಂತು. ಇನ್ನು ಕೂರೋದು ಕಲಿ" ಎಂದರು. ಎದುರಾಳಿ ಮೇಜಿನಲ್ಲಿದ್ದಾಗ ನಾನು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದುದು ಅವರಿಗೆ ಹಿಡಿಸುತ್ತಿರಲಿಲ್ಲ. ನಾನು ನಕ್ಕುಬಿಟ್ಟೆ.

ಕೊಯಮತ್ತೂರು, ಚೆನ್ನೈ, ಆಮೇಲೆ ದೇಶದ ತಂಡ, ಹೆಂಗಸರ ಟೂರ್ನಿಗಳು. ಅವುಗಳಲ್ಲಿ ಮುಂದೆ ಬಂದ ಒಬ್ಬಿಬ್ಬರಿಗೆ ಗಂಡಸರ ಜೊತೆ ವೃತ್ತಿಪರರಾಗಿ ಆಡಲು ಎರಡು ವರ್ಷದ ಕಾರ್ಡ್ ಕೊಡುತ್ತಾರೆ. ಅದು ನನಗೆ ಸಿಕ್ಕ ದಿನ ಅವ್ವ ಕ್ಯಾರೆಟ್ ತೊಳೆಯುವ ಮಿಷನ್ನಿನ ಪಕ್ಕ ನಿಂತಿದ್ದಳು. ಆ ಸದ್ದಿನಲ್ಲಿ ನಾನು ಮೂರು ಸಲ ಕೂಗಿ ಹೇಳಿದೆ.

"ಇಂಗ್ಲೆಂಡಿಗಾ? ಎಷ್ಟು ದಿವ್ಸ?"

"ಎರಡು ವರ್ಷ ಅವ್ವಾ. ಮಧ್ಯದಲ್ಲಿ ಬಂದು ಹೋಗ್ತೀನಿ."

"ಒಂದೇ ಕಡೆ ಎರಡು ವರ್ಷ ಇರ್ತೀಯಾ ನೀನು?" ಎಂದು ಅವ್ವ ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳಿಗೆ ದೂರದ ಚಿಂತೆ ಇರಲಿಲ್ಲ, ನಾನು ಇರುತ್ತೇನೋ ಇಲ್ಲವೋ ಎಂಬುದೇ ಅನುಮಾನ.

ಇಂಗ್ಲೆಂಡಿನ ಮೇಜುಗಳು ನನಗೆ ಮೊದಲ ದಿನವೇ ಬುದ್ಧಿ ಕಲಿಸಿದವು. ಊಟಿಯ ಬಟ್ಟೆ ವರ್ಷದಲ್ಲಿ ಆರು ತಿಂಗಳು ಒದ್ದೆ ಗಾಳಿ ಕುಡಿದಿರುತ್ತದೆ, ಬಾಲು ಭಾರವಾಗಿ ಉರುಳುತ್ತದೆ. ಅದಕ್ಕೆ ಜೋರಾಗಿ ಹೊಡೆದು ಬೆಳೆದ ಕೈ ನನ್ನದು. ಅಲ್ಲಿ ಮೇಜಿನ ಬಟ್ಟೆಯಡಿ ಇರುವ ಕಲ್ಲಿನ ಹಾಸನ್ನು ಬಿಸಿ ಮಾಡಿರುತ್ತಾರೆ, ಬಟ್ಟೆ ಕೂದಲಷ್ಟು ತೆಳು. ನಾನು ಮುಟ್ಟಿದರೆ ಬಿಳಿ ಬಾಲು ಇಡೀ ಮೇಜು ಸುತ್ತಿ ಬರುತ್ತಿತ್ತು. ಮೊದಲ ಎಂಟು ತಿಂಗಳು ಒಂದು ಪಂದ್ಯವೂ ಗೆಲ್ಲಲಿಲ್ಲ.

ಕೈಯನ್ನು ತಿದ್ದಿಕೊಂಡೆ. ಕಾಲನ್ನು ತಿದ್ದಿಕೊಳ್ಳಲಾಗಲಿಲ್ಲ. ಅಲ್ಲಿ ಎದುರಾಳಿ ಆಡುವಾಗ ನಿಮ್ಮ ಕುರ್ಚಿಯಲ್ಲಿ ನೀವು ಕೂತಿರಬೇಕು. ಕ್ಯೂ ಹಿಡಿದು, ನೀರಿನ ಲೋಟ ಮುಂದಿಟ್ಟುಕೊಂಡು, ಅವನು ತಪ್ಪುವವರೆಗೆ. ಒಳ್ಳೆಯ ಆಟಗಾರನಾದರೆ ತಪ್ಪುವುದೇ ಇಲ್ಲ. ಒಂದು ಫ್ರೇಮಿನಲ್ಲಿ, ಎಂದರೆ ಪಂದ್ಯದ ಒಂದು ಸುತ್ತಿನಲ್ಲಿ, ನಾನು ಒಂದೇ ಸಲ ಹೊಡೆದು ಉಳಿದ ಹೊತ್ತೆಲ್ಲ ಕೂತಿದ್ದೆ. ಮೊಣಕಾಲು ತಾನಾಗಿ ಕುಣಿಯುತ್ತಿತ್ತು. ಲೋಟದ ನೀರು ಸುಮ್ಮಸುಮ್ಮನೆ ಕುಡಿಯುತ್ತಿದ್ದೆ. ಪಂದ್ಯವಿಲ್ಲದ ದಿನ ನಾನಿದ್ದ ಊರಿನ ಬೀದಿಗಳಲ್ಲಿ ನಡೆದೆ, ಬಸ್ಸುಗಳ ಕೊನೆಯ ಸ್ಟಾಪಿನವರೆಗೆ ಹೋಗಿ ಕಾಲ್ನಡಿಗೆಯಲ್ಲಿ ಹಿಂದಿರುಗಿದೆ. ಏನು ಹುಡುಕುತ್ತಿದ್ದೆನೋ, ಸಿಗಲಿಲ್ಲ.

ಅವ್ವ ಪಕ್ಕದ ಮನೆಯವರ ಫೋನಿನಲ್ಲಿ ಒಂದು ಪಂದ್ಯ ನೋಡಿದ್ದಳಂತೆ. ಗೆದ್ದೆನೋ ಸೋತೆನೋ ಅವಳಿಗೆ ತಿಳಿದಿರಲಿಲ್ಲ. "ಅಲ್ಲಾ ಕಣೆ, ನಿನ್ ಕಾಲು ಯಾಕಂಗೆ ಆಡ್ತಿತ್ತು? ಚಳಿಯಾ?" ಎಂದು ಕೇಳಿದಳು. ಚಳಿ ಎಂದೆ.

ಎರಡನೆಯ ವರ್ಷದ ಕೊನೆಯ ಟೂರ್ನಿ. ಕಾರ್ಡ್ ಉಳಿಯಬೇಕಾದರೆ ಇನ್ನೂ ಹಲವು ಪಂದ್ಯ ಗೆಲ್ಲಬೇಕಿತ್ತು, ಇದೊಂದನ್ನು ಸೋತರೂ ಅಲ್ಲಿಗೆ ಮುಗಿಯಿತು. ಎದುರಾಳಿ ವೇಲ್ಸ್‌ನ ಒಬ್ಬ ನಡುವಯಸ್ಸಿನ ಗಂಡಸು. ಅವನ ಕಾರ್ಡಿನ ಪಾಡೂ ನನ್ನದೇ. ನಾಲ್ಕು ಫ್ರೇಮ್ ಮೊದಲು ಗೆದ್ದವರಿಗೆ ಪಂದ್ಯ, ನಾವು ಮೂರು ಮೂರಕ್ಕೆ ಬಂದಿದ್ದೆವು. ಕೊನೆಯ ಫ್ರೇಮಿನಲ್ಲಿ ಕೆಂಪೆಲ್ಲ ಖಾಲಿಯಾಗಿ ಆರು ಬಣ್ಣದ ಬಾಲುಗಳು ಉಳಿದವು. ಅವೆಲ್ಲ ಸೇರಿ ಇಪ್ಪತ್ತೇಳು ಅಂಕ. ಅವನು ನನಗಿಂತ ಇಪ್ಪತ್ತೈದು ಅಂಕ ಮುಂದಿದ್ದ. ಅಂದರೆ ಅವನು ಎರಡು ಅಂಕದ ಹಳದಿ ಬಾಲು ಹಾಕಿದರೆ ಉಳಿದವು ನನಗೆ ಸಾಲುತ್ತಿರಲಿಲ್ಲ, ಮುಗಿಯಿತು. ತಪ್ಪಿದರೆ, ನಾನು ಆರನ್ನೂ ಬಿಡದೆ ಹಾಕಿದರೆ, ಗೆಲುವು ನನ್ನದು.

ಬಿಳಿ ಬಾಲು ಅಂಚಿಗೆ ಅಂಟಿಕೊಂಡಿತ್ತು. ಸುಲಭದ ಹೊಡೆತವಲ್ಲ, ಕಷ್ಟದ್ದೂ ಅಲ್ಲ. ಅವನು ಮೇಜು ಸುತ್ತಿ ಬಂದ. ಬಗ್ಗಿದ, ಎದ್ದ. ಕ್ಯೂ ತುದಿಗೆ ಚಾಕ್ ಹಚ್ಚಿದ. ಮತ್ತೆ ಸುತ್ತಿದ. ಹಾಲ್‌ನಲ್ಲಿ ಯಾರೋ ಕೆಮ್ಮಿದರು, ಅವನು ಮತ್ತೆ ಎದ್ದು ನಿಂತ. ನನ್ನ ಬೆನ್ನಿನಲ್ಲಿ ಇರುವೆ ಹರಿದ ಹಾಗಾಯಿತು. ಹಾಕು, ಇಲ್ಲ ತಪ್ಪು, ಏನಾದರೂ ಒಂದು ಮಾಡು ಎಂದು ಒಳಗೇ ಕೂಗುತ್ತಿದ್ದೆ. ಅವನು ಮೂರನೆಯ ಸಲ ಬಗ್ಗಿದಾಗ ನಾನು ಕುರ್ಚಿಯಲ್ಲಿರಲಿಲ್ಲ. ಅವನ ಮುಂದೆ ಕೈ ಚಾಚಿ ನಿಂತಿದ್ದೆ.

ಸ್ನೂಕರಿನಲ್ಲಿ ಹಾಗೆ ಕೈ ಚಾಚಿದರೆ ಸೋಲೊಪ್ಪಿದ ಹಾಗೆ.

ರೆಫರಿ ಮೆಲ್ಲನೆ, "ಸರದಿ ನಿಮ್ಮದಲ್ಲ, ಈಗ ಸೋಲೊಪ್ಪುವ ಹಾಗಿಲ್ಲ" ಎಂದರು. ಆಮೇಲೆ ಅವನ ಕಡೆ ತಿರುಗಿ, "ಒಪ್ಪುವುದು, ಬಿಡುವುದು ನಿಮಗೆ ಬಿಟ್ಟದ್ದು" ಎಂದರು. ಅವನು ಮೇಜು ನೋಡಿದ. ಹಳದಿ ಬಾಲು ನೋಡಿದ. ನನ್ನನ್ನು ನೋಡಿದ. ನಂತರ ನನ್ನ ಕೈ ಹಿಡಿದ. ಅವನ ಅಂಗೈ ಬೆವರಿನಿಂದ ತಣ್ಣಗಿತ್ತು.

ಹೊರಗೆ ಕ್ಯೂ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಿದ್ದಾಗ ಅವನು ಬಂದ.

"ಯಾಕೆ ಎದ್ದೆ? ಆ ಹಳದಿಯನ್ನು ನಾನು ಹೇಗೂ ತಪ್ಪಿಸುತ್ತಿದ್ದೆ."

"ಕೂರಲಾಗಲಿಲ್ಲ" ಎಂದೆ.

"ನನಗೆ ನಿಲ್ಲಲಾಗುತ್ತಿರಲಿಲ್ಲ. ಅದಕ್ಕೇ ಸುತ್ತುತ್ತಿದ್ದೆ."

ಇಬ್ಬರೂ ನಗಬಹುದಿತ್ತು. ನಗಲಿಲ್ಲ. ಅವನು ಕ್ಷಮೆ ಕೇಳಿದ ಹಾಗೆ ಏನೋ ಗೊಣಗಿ ಹೊರಟ.

ಕೆತ್ತಿಗೆ ಬಂದ ಮೇಲೆ ಒಂದು ತಿಂಗಳು ಮನೆಯಲ್ಲಿ ತಿರುಗಾಡಿದೆ. ಅವ್ವ ಕ್ಯಾರೆಟ್ ಕೀಳಲು ಕಳಿಸಿದಳು, ಲಾರಿಗೆ ತುಂಬಿಸಿದಳು, ಸಂಜೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳಲು ಹೇಳಿದಳು. ತಡೆಯಲಾರದೆ ಒಂದು ದಿನ ನಾನೇ ಎಲ್ಲ ಹೇಳಿದೆ. "ನಂಗೇನ್ ಗೊತ್ತಾಗ್ತದೆ? ಆ ಮಾರ್ಕರಣ್ಣನ ತಾವ್ ಹೋಗ್ ಹೇಳು" ಎಂದಳು.

ಮಾರ್ಕರಣ್ಣ ಕೆಲಸ ಬಿಟ್ಟು ಎಮರಾಲ್ಡ್‌ನಲ್ಲಿದ್ದರು. ನಾನು ಹೋದಾಗ ಮನೆ ಮುಂದಿನ ಎಲೆಕೋಸಿನ ಸಾಲಿನಲ್ಲಿ ನಿಂತಿದ್ದರು. ಪೂರ್ತಿ ಕೇಳಿದರು. ಆಮೇಲೆ ನೆಲದಿಂದ ಎರಡು ಕಲ್ಲು ಎತ್ತಿಕೊಟ್ಟರು. "ಎಲ್ಲಿತ್ತು, ಇಟ್ಟು ತೋರ್ಸು." ಅಂಗಳದಲ್ಲಿ ಮೇಜಿನ ಗೆರೆ ಎಳೆದು ಬಿಳಿಯ ಜಾಗದಲ್ಲಿ ಒಂದು, ಹಳದಿಯ ಜಾಗದಲ್ಲಿ ಒಂದು ಇಟ್ಟೆ. ಅವರು ಕಷ್ಟಪಟ್ಟು ಸೊಂಟ ಬಗ್ಗಿಸಿ ಒಂದು ಕಣ್ಣು ಮುಚ್ಚಿ ನೋಡಿದರು.

"ಹಾಕ್ತಿದ್ದ."

"ಅವನೇ ಹೇಳಿದ್ನಲ್ಲಾ ಅಣ್ಣಾ, ತಪ್ಪಿಸ್ತಿದ್ದೆ ಅಂತ!"

"ಗೆದ್ದೋನು ಹಾಗೇ ಹೇಳ್ತಾನಮ್ಮಾ. ಹಾಕ್ತಿದ್ದ."

ಇಬ್ಬರಲ್ಲಿ ಯಾರು ನಿಜ ಹೇಳಿದರು, ಯಾರು ನನ್ನ ಮೇಲಿನ ಮರುಕಕ್ಕೆ ಹೇಳಿದರು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಆಗ ಸಿಟ್ಟು ಬಂತು. ಹೊರಟು ನಿಂತವಳನ್ನು ಅವರು ತಡೆದರು.

"ಗೂಡಲೂರಲ್ಲಿ ಎಸ್ಟೇಟ್ ಬಂಗಲೆ ಟೇಬಲ್‌ಗೆ ಹೊಸ ಬಟ್ಟೆ ಹಾಕ್ಬೇಕು. ನನ್ ಸೊಂಟ ಕೇಳಲ್ಲ. ನೀನು ಬಂದ್ರೆ ಒಪ್ಕೋತೀನಿ."

ಅವರು ಸ್ಟೂಲಿನ ಮೇಲೆ ಕೂತು ಹೇಳಿದರು, ನಾನು ಮಾಡಿದೆ. ಹಳೆಯ ಬಟ್ಟೆ ಕಿತ್ತಾಗ ಅಡಿಯಲ್ಲಿ ಬೂದು ಬಣ್ಣದ ಕಲ್ಲಿನ ಹಾಸು ಕಂಡಿತು. ಆ ಕಲ್ಲನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಬಟ್ಟೆಯನ್ನು ಒಂದೇ ಸಮ ಎಳೆಯಬೇಕು, ಮಂಡಿಯೂರಿ ಅಂಚಿನ ಕೆಳಗೆ ಮೊಳೆ ಹೊಡೆಯಬೇಕು, ಎದ್ದು ಇನ್ನೊಂದು ಬದಿಗೆ ಹೋಗಿ ಮತ್ತೆ ಎಳೆಯಬೇಕು. ಬೆಳಿಗ್ಗೆ ಶುರು ಮಾಡಿದ್ದು ಸಂಜೆಗೆ ಮುಗಿಯಿತು. ಊಟಕ್ಕೂ ಕೂತಿರಲಿಲ್ಲ. ಬಂಗಲೆಯ ಮಲಯಾಳಿ ಅಡುಗೆಯಾಕೆ ಬಾಗಿಲಲ್ಲಿ ನಿಂತು, "ಮೋಳೇ, ಚೋರು ತಣ್ಣಗಾಯ್ತು" ಎಂದು ಮಗಳನ್ನು ಕರೆದ ಹಾಗೆ ಎರಡು ಸಲ ಅನ್ನಕ್ಕೆ ಕರೆದದ್ದು ಕೇಳಿಸಿಯೇ ಇರಲಿಲ್ಲ.

ಈಗ ನನ್ನ ಕೆಲಸ ಅದೇ. ಕೂನೂರು, ಕೋತಗಿರಿ, ಮಸಿನಗುಡಿ, ಒಮ್ಮೊಮ್ಮೆ ಮೈಸೂರು. ಒಂದು ಊರಲ್ಲಿ ಎರಡು ದಿನ ನಿಂತರೆ ಹೆಚ್ಚು. ಹೊಸ ಬಟ್ಟೆ ಹಾಕಿದ ಮೇಲೆ ಮೇಜು ಸರಿಯಿದೆಯೇ ಎಂದು ನೋಡಲು ನಾಲ್ಕು ಹೊಡೆತ ಹೊಡೆಯುತ್ತೇನೆ. ಪಂದ್ಯ ಆಡುವುದಿಲ್ಲ. ಆಡಬೇಕೆನಿಸುತ್ತದೆಯೇ ಎಂದು ಕೇಳುತ್ತಾರೆ. ಅನಿಸುತ್ತದೆ, ಬಹಳ ಅನಿಸುತ್ತದೆ. ಮರೆತೆನೆಂದು ಸುಳ್ಳು ಹೇಳಲಾರೆ. ನಾಳೆ ಮಸಿನಗುಡಿಯಲ್ಲಿ ಒಂದು ಮೇಜಿದೆ, ಇಲಿ ಕಡಿದದ್ದಂತೆ. ಕಲ್ಹಟ್ಟಿ ಘಾಟಿ ಇಳಿಯುವ ಬೆಳಗಿನ ಬಸ್ಸು ಹಿಡಿಯಬೇಕು. ಚೀಲಕ್ಕೆ ಕತ್ತರಿ, ಸುತ್ತಿಗೆ, ಮೊಳೆ ಹಾಕಿಟ್ಟಿದ್ದೇನೆ.