ಕೌದಿಯ ಮೇಲಿನ ಬಿಳಿ ಹೊಲಿಗೆ

ಟ್ರಂಕಿನಿಂದ ಕೌದಿ ತೆಗೆದರೆ ಮೊದಲು ಡಾಂಬರಗುಳಿಗೆಯ ವಾಸನೆ, ಅದರ ಹಿಂದೆಯೇ ಶಾಂತಕಾಕಿಯ ನೆನಪು. ಆಳಂದದ ನಮ್ಮ ಮನೆಯಲ್ಲಿ ಅವಳ ಕತ್ತರಿಯಿಂದ ಪಾರಾದ ಹಳೆ ಬಟ್ಟೆ ಇರಲಿಲ್ಲ. ನನ್ನ ಮದುವೆಯ ಧೋತರವೂ ಇದರೊಳಗಿದೆ, ನೋಡಿ.

ಆಗ ನನಗೆ ನಕ್ಷೆ ಮಾಡುವ ಕಚೇರಿಯಲ್ಲಿ ಕೆಲಸ. ಉಪಗ್ರಹ ತೆಗೆದ ಚಿತ್ರ ನೋಡಿ ಎಲ್ಲಿ ತೊಗರಿ, ಎಲ್ಲಿ ಕಬ್ಬು ಎಂದು ಗುರುತಿಸುವುದು. ಆ ಚಿತ್ರಗಳಲ್ಲಿ ಹಸಿರು ಬೆಳೆ ಕೆಂಪಾಗಿ ಕಾಣುತ್ತದೆ. ನಾನೂ ಒಂದಿಷ್ಟು ಆಕಾಶದವನೇ ಎಂಬಂತೆ ಊರಲ್ಲಿ ನಡೆಯುತ್ತಿದ್ದೆ. ಒಮ್ಮೆ ಅಫಜಲಪುರ ತಾಲೂಕಿನ ಚಿತ್ರ ಮನೆಗೆ ತಂದೆ. ಕಾಕಿ ಕನ್ನಡಕ ಏರಿಸಿ, "ನನ್ನ ಕೌದಿ ಕದ್ದು ಫೋಟೊ ಹೊಡದಾರಲ್ಲೋ!" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಹವಳಗಾ ಎಲ್ಲಿ ಅದಲೋ? ನಮ್ಮ ಮನಿ ತೋರ್ಸು" ಎಂದಳು.

ಹವಳಗಾ ಅವಳ ತವರು. ತಮ್ಮ ಶರಣಪ್ಪ ತನ್ನ ಮಗಳ ಮದುವೆಗೆ ಅಕ್ಕನನ್ನು ತಾನೇ ಬಂದು ಕರೆಯದೆ ಯಾರ ಕೈಲೋ ಹೇಳಿ ಕಳಿಸಿದ್ದರು. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಅಂದೇ ಆಣೆ ಹಾಕಿದ್ದಳು.

"ಮ್ಯಾಲಿಂದ ನೋಡಿದ್ರ ಹೊಸ್ತಿಲ ತುಳದಂಗ ಆಗಂಗಿಲ್ಲ, ಹೌದಿಲ್ಲೋ?" ಎಂದಳು ಕಾಕಿ, ಚಿತ್ರದ ಮೇಲೆ ಬಾಗಿ.

ಆ ಚಿತ್ರದ ಒಂದು ಚುಕ್ಕೆಯಲ್ಲಿ ನಾಲ್ಕಾರು ಮನೆಗಳು ಅಡಗುತ್ತಿದ್ದವು. "ಕಾಣಂಗಿಲ್ಲ ಕಾಕಿ. ಇನ್ನೂ ಚೂಪು ಕಣ್ಣಿನ ಉಪಗ್ರಹ ಬರಬೇಕು" ಎಂದೆ. ಅವಳು ಚಿತ್ರವನ್ನು ಮುಂದಿಟ್ಟುಕೊಂಡೇ ಈ ಕೌದಿ ಹೊಲಿದಳು. ಕೆಂಪು ತುಂಡುಗಳು ಹೊಲ, ಕರಿ ಸೆರಗು ಭೀಮಾ ನದಿ. ಹವಳಗಾ ಇರಬೇಕಾದಲ್ಲಿ ಒಂದೇ ಒಂದು ಬಿಳಿ ಹೊಲಿಗೆ. "ಮನಿ" ಅಂದಳು.

ಮುಂದೆ ಚೌಡಾಪುರದ ಚಾದಂಗಡಿಯಲ್ಲಿ ಶರಣಪ್ಪ ಮಾಮ ಸಿಕ್ಕರು. ನಗಿಸೋಣವೆಂದು ಇದನ್ನೆಲ್ಲ ಹೇಳಿದೆ. ಮಾಮ ನಗಲಿಲ್ಲ. ಚಾದ ಬಸಿ ಕೆಳಗಿಟ್ಟು ಕೇಳಿದರು: "ಮಾಳಗಿ ಮ್ಯಾಲ ಸುಣ್ಣ ಹಚ್ಚಿದ್ರ ಅಕ್ಕಗ ಕಾಣ್ತದೇನಲೇ?"

"ಹಚ್ಚಿ ನೋಡ್ರಿ ಮಾಮಾ" ಎಂದು ನಕ್ಕು ಬಸ್ಸು ಹತ್ತಿದೆ. ಮರೆತೂ ಬಿಟ್ಟೆ.

ಚೂಪು ಕಣ್ಣಿನ ಉಪಗ್ರಹಗಳು ಬಂದವು. ಅಷ್ಟರಲ್ಲಿ ಕಾಕಿ ಇರಲಿಲ್ಲ. ಅವಳ ಮಣ್ಣಿಗೆ ಬಂದ ಮಾಮ ಒಂದು ಹಿಡಿ ಮಣ್ಣು ಹಾಕಿ ಹೊರಟುಹೋದರು. ದಿನಾ ಬಸ್ಸು ಹೋಗುವ ಊರಿಗೆ ನಾವು ಆಕಾಶದ ದಾರಿ ಹುಡುಕುತ್ತ ಕೂತಿದ್ದೆವು.

ಇವತ್ತು ಕೌದಿಯನ್ನು ತೊಡೆಯ ಮೇಲೆ ಹಾಸಿಕೊಂಡು, ಮೊಬೈಲಿನಲ್ಲಿ ಹವಳಗಾದ ಚಿತ್ರ ತೆರೆದೆ. ಮಾಮನ ಓಣಿಯ ಮಣ್ಣುಬಣ್ಣದ ಮಾಳಿಗೆಗಳ ನಡುವೆ ಒಂದು ಮಾತ್ರ ಬೆಳ್ಳಗಿತ್ತು. ಫೋನು ಹಚ್ಚಿದೆ.

"ಮಾಮಾ, ನಿಮ್ಮ ಮಾಳಗಿ ಕಾಣ್ತದ್ರಿ."



"ಯಾರಿಗಿ ಕಾಣ್ತದಲೇ ಈಗ?"

ನನ್ನ ಬೆರಳು ಬಿಳಿ ಹೊಲಿಗೆಯ ಮೇಲಿತ್ತು. "ನಾಳಿ ಬರ್ತೇನ್ರಿ" ಎಂದೆ. "ಕಾಕಿ ಕೌದಿ ತರ್ತೇನಿ. ಅದರಾಗ ನಿಮ್ಮ ಮನಿ ಅದ ರೀ."