ಮಣ್ಣಿನಲ್ಲಿ ಮಣ್ಣು ಹುಡುಕುವ ಉಸ್ತಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶರ್ಕಾತ್ ಪಟ್ಟಣದ ಆಚೆ, ದಿಜ್ಲಾ ನದಿಯ ದಂಡೆಗೆ ಒತ್ತಿಕೊಂಡಿರುವ ಉಮ್ಮ್ ರಮಾದ್ ದಿಬ್ಬದ ಮೇಲೆ ಅರವತ್ತೊಂದು ವರ್ಷದ ಹಮ್ಮಾದಿ ಸಲೂಮ್ ಮೊಣಕಾಲೂರಿ ಕೂತಿದ್ದಾರೆ. ಕೈಯಲ್ಲಿ ಗೇಣುದ್ದದ ಪಿಕಾಸಿ. ಅದರ ತುದಿಯಿಂದ ನೆಲವನ್ನು ಒಮ್ಮೆ ತಟ್ಟುತ್ತಾರೆ, ಒಂದು ಬೆರಳಿನಷ್ಟು ಮಣ್ಣು ಕೆರೆಯುತ್ತಾರೆ, ಉಫ್ ಎಂದು ಊದುತ್ತಾರೆ, ಮತ್ತೆ ತಟ್ಟುತ್ತಾರೆ. ಆಮೇಲೆ ತಲೆವಸ್ತ್ರ ಸರಿಸಿ, ಬಲಗೆನ್ನೆಯನ್ನು ನೆಲಕ್ಕೊತ್ತಿ, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಇರುತ್ತಾರೆ. ಹದಿನೈದು ಹೆಜ್ಜೆ ಆಚೆ ದಂಡೆಯ ದೊಡ್ಡ ತುಂಡೊಂದು ಕಳಚಿ ದಡಾರನೆ ನೀರಿಗೆ ಬೀಳುತ್ತದೆ. ಬುಟ್ಟಿ ಹೊರುವ ಎಂಟೂ ಜನ ತಿರುಗಿ ನೋಡುತ್ತಾರೆ. ಹಮ್ಮಾದಿ ನೋಡುವುದಿಲ್ಲ.

"ಏನಾದ್ರೂ ಸಿಕ್ತಾ ಉಸ್ತಾ?" ಗುಂಡಿಯ ಅಂಚಿನಲ್ಲಿ ನಿಂತು ನಿಬ್ರಾಸ್ ಕೇಳುತ್ತಾರೆ. ಪುರಾತತ್ವ ಇಲಾಖೆಯ ಈ ಹೆಣ್ಣುಮಗಳು ಈ ಅಗೆತದ ಮೇಲ್ವಿಚಾರಕಿ. ವಯಸ್ಸು ಇನ್ನೂ ಮೂವತ್ತು ದಾಟಿಲ್ಲ. ಕಂಕುಳಲ್ಲಿ ಸದಾ ಒಂದು ದಿನಚರಿ ಪುಸ್ತಕ.

ಹಮ್ಮಾದಿ ತಲೆಯೆತ್ತಿ ಅವರ ತುಟಿಯನ್ನೇ ನೋಡುತ್ತಾರೆ. "ಇಲ್ಲ ಮಗಳೇ. ಬರೀ ಬಿದ್ದ ಮಣ್ಣು."

ಇವತ್ತು ಗುರುವಾರ. ಅಗೆಯಲು ಹಿಡಿದು ಆರನೆಯ ದಿನ, ಇದೇ ಕೊನೆಯ ದಿನವೂ ಹೌದು. ಹತ್ತು ಗಂಟೆಗೆ ಪ್ರಾಂತ್ಯದ ಕಚೇರಿಯಿಂದ ಎಂಜಿನಿಯರ್ ಬರುತ್ತಾರೆ. ದಿಬ್ಬದ ನಡುವೆ ಒಂದು ಅರಮನೆಯ ದೊಡ್ಡ ಸಭಾಂಗಣ ಹಿಂದೆಯೇ ಸಿಕ್ಕಿದೆ. ಅದರ ಗೋಡೆ ನದಿಯ ಕಡೆಗೂ ಮುಂದುವರಿದಿದೆ ಎಂದು ತೋರಿಸಿದರೆ ದಂಡೆ ಕುಸಿಯದಂತೆ ಕಲ್ಲು ಕಟ್ಟಿಸುತ್ತಾರಂತೆ. ತೋರಿಸದಿದ್ದರೆ ಈ ಕಡೆ ಇರುವುದೆಲ್ಲ ಬರೀ ಮಣ್ಣಿನ ಗುಡ್ಡ ಎಂದು ಕಾಗದದಲ್ಲಿ ದಾಖಲಾಗುತ್ತದೆ. ಮಣ್ಣಿನ ಗುಡ್ಡಕ್ಕೆ ಯಾವ ಸರಕಾರ ಕಲ್ಲು ಕೊಡುತ್ತದೆ? ಹೋದ ವರ್ಷ ಮೇಲಿನ ಬೆಟ್ಟಗಳ ಹಿಮ ಕರಗಿದಾಗ ನದಿ ಒಂಬತ್ತು ಹೆಜ್ಜೆ ತಿಂದಿತ್ತು. ಈ ವರ್ಷದ ನೀರು ಇನ್ನೂ ಬರಬೇಕು.

ಗೋಡೆ ಹುಡುಕುವುದೇನು ಮಹಾ ಎಂದು ದೂರದಲ್ಲಿ ಕೂತವರಿಗೆ ಅನ್ನಿಸಬಹುದು. ಇಲ್ಲಿನ ಅರಮನೆಗಳು ಕಲ್ಲಿನವಲ್ಲ, ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯವು. ಛಾವಣಿ ಬಿದ್ದು, ಮಳೆ ಹೊಡೆದು, ಗೋಡೆಯ ಮೇಲ್ಭಾಗ ಕರಗಿ ಕೆಳಭಾಗವನ್ನೇ ಹೂತುಹಾಕಿದೆ. ಗೋಡೆಯೂ ಮಣ್ಣು, ಅದನ್ನು ಮುಚ್ಚಿದ್ದೂ ಅದೇ ಮಣ್ಣು. ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮಣ್ಣಿನೊಳಗಿನ ಮಣ್ಣನ್ನು ಬಿಡಿಸಿ ತೆಗೆಯುವ ಈ ವಿದ್ಯೆಯನ್ನು ನೂರು ವರ್ಷಕ್ಕೂ ಹಿಂದೆ ಜರ್ಮನಿಯವರು ಅಸ್ಸೂರ್ ನಗರ ಅಗೆಯಲು ಬಂದಾಗ ಹಮ್ಮಾದಿಯವರ ಅಜ್ಜ ಕಲಿತರು. ಅಜ್ಜನಿಂದ ಅಪ್ಪ ಸಲೂಮ್, ಅಪ್ಪನಿಂದ ಇವರು. ಒಂದು ಕಾಲಕ್ಕೆ ಶರ್ಕಾತಿನಲ್ಲಿ ಈ ಕಸುಬಿನಲ್ಲಿ ಪಳಗಿದ ಅರವತ್ತು ಉಸ್ತಾಗಳಿದ್ದರು. ಇವತ್ತು ಇಬ್ಬರು. ಇನ್ನೊಬ್ಬರು ಹಾಸಿಗೆ ಹಿಡಿದು ಮೂರು ವರ್ಷವಾಯಿತು.

"ಕಣ್ಣಿಗೆ ಏನೂ ಕಾಣಲ್ಲ. ಕೈಗೆ ಅರ್ಧ ಗೊತ್ತಾಗತ್ತೆ. ಉಳಿದರ್ಧ ಕಿವಿಗೆ," ಎನ್ನುತ್ತಾರೆ ಹಮ್ಮಾದಿ. "ಬಿದ್ದ ಮಣ್ಣಿಗೆ ಪಿಕಾಸಿ ತಾಗಿದ್ರೆ ಸತ್ತ ಸದ್ದು. ಇಟ್ಟಿಗೆಗೆ ತಾಗಿದ್ರೆ, ಒಳಗೆ ಯಾರೋ ಗಂಟಲು ಸರಿಮಾಡ್ಕೊಂಡ ಹಂಗೆ."

ದಿಬ್ಬದ ಪಕ್ಕೆಯಲ್ಲಿ ಹಳೆಯ ತಂಡಗಳು ಕಡಿದ ಎತ್ತರದ ಗೋಡೆಯಂಥ ಕೊರಕಲಿದೆ. ಬಿಡುವಿನಲ್ಲಿ ಟೀ ಲೋಟ ಹಿಡಿದು ಹಮ್ಮಾದಿ ಅದರ ಮುಂದೆ ಕೂರುತ್ತಾರೆ. ತೀರ ತಳದಲ್ಲಿ ಅಕ್ಕಾದ್ ಸಾಮ್ರಾಜ್ಯದ ಪದರ, ಅದರ ಮೇಲೆ ಒಂದು ಬೂದಿಗೆರೆ. ಆಮೇಲೆ ಅಸ್ಸೂರಿನ ಸಣ್ಣ ರಾಜರು, ಮತ್ತೊಂದು ಬೂದಿಗೆರೆ. ಅದರ ಮೇಲೆ ಅಸ್ಸೂರಿನ ಮಹಾರಾಜರು, ಅವರ ತಲೆಯ ಮೇಲೆ ಮೊಣಕೈಯಷ್ಟು ದಪ್ಪದ ಕಪ್ಪು ಬೂದಿ. ಅರ್ಧ ಜಗತ್ತಿನಿಂದ ಕಪ್ಪ ಎತ್ತಿದವರ ಕಥೆ ಅಷ್ಟು ಬೂದಿಯಲ್ಲಿ ಮುಗಿಯಿತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ರಾಜರು ರಥವೇರಿ ಬರುತ್ತಾರೆ. ಇಲ್ಲಿ ಅವರು ಗೆರೆಗಳು ಮಾತ್ರ.

"ರಾಜ್ಯ ಏಳೋವಾಗ ಇಟ್ಟಿಗೆ ಎಲ್ಲಾ ಒಂದೇ ಅಳತೆ," ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ. "ಹುಲ್ಲು ಸಣ್ಣಗೆ ಕತ್ತರಿಸಿರ್ತಾರೆ, ಮಣ್ಣು ಚೆನ್ನಾಗಿ ತುಳಿದಿರ್ತಾರೆ. ಬೀಳೋವಾಗ ನೋಡು, ಒಂದು ಇಷ್ಟಗಲ, ಇನ್ನೊಂದು ಅಷ್ಟಗಲ. ಮಡಕೆ ಚೂರು, ಮೂಳೆ, ಏನ್ ಸಿಗತ್ತೋ ಅದೆಲ್ಲಾ ಸೇರ್ಸಿರ್ತಾರೆ. ಶತ್ರು ಬರೋಕೆ ಮೂವತ್ತು ವರ್ಷ ಮೊದಲೇ ಇಟ್ಟಿಗೆಗೆ ಗೊತ್ತಾಗಿರತ್ತೆ. ರಾಜನಿಗೆ ಮಾತ್ರ ಗೊತ್ತಿರಲ್ಲ."

ದಪ್ಪ ಬೂದಿಯ ಮೇಲೆ, ಸಭಾಂಗಣದ ನಟ್ಟನಡುವೆ, ಒಂದು ರೊಟ್ಟಿಯ ಒಲೆ ಸಿಕ್ಕಿದೆ. ಸಾಮ್ರಾಜ್ಯ ಸುಟ್ಟುಹೋದ ಮೇಲೆ ಯಾರೋ ಬಂದು ಮುರಿದ ಗೋಡೆಗಳ ನಡುವೆ ಸಂಸಾರ ಹೂಡಿದ್ದಾರೆ. "ರಾಜ ಕೂರ್ತಿದ್ದ ಜಾಗದಲ್ಲಿ ಯಾವಳೋ ಮಹಾತಾಯಿ ರೊಟ್ಟಿ ಸುಟ್ಟಿದ್ದಾಳೆ. ಹೆಸರಿಲ್ಲ, ದೆಸೆಯಿಲ್ಲ. ನನಗೆ ರಾಜನಿಗಿಂತ ಅವಳ ಮೇಲೇ ಅಕ್ಕರೆ," ಎಂದು ನಗುತ್ತಾರೆ. ನಮ್ಮ ಕಾಲದ ಪದರ ಹೇಗಿರುತ್ತದೆ ಎಂದು ಕೇಳಿದರೆ ನಗು ನಿಲ್ಲುತ್ತದೆ. "ಪ್ಲಾಸ್ಟಿಕ್ಕು, ಗುಂಡಿನ ಚಿಪ್ಪು. ಅದರ ಮೇಲೆ ಮತ್ತೆ ಬೂದಿ. ಅಗೆಯೋನಿಗೆ ಬೇಜಾರಾಗತ್ತೆ, ಬಿಡು."

ಈ ಕೆಲಸಕ್ಕೆ ಹಮ್ಮಾದಿ ಬಂದದ್ದು ಹದಿನೇಳನೆಯ ವಯಸ್ಸಿಗೆ. ನಲವತ್ತನಾಲ್ಕು ವರ್ಷಗಳಲ್ಲಿ ಹನ್ನೊಂದು ದಿಬ್ಬ, ಅವರೇ ಎಣಿಸಿದಂತೆ ಇನ್ನೂರಕ್ಕೂ ಹೆಚ್ಚು ಗೋಡೆ. ಅಗೆದವರ ವರದಿಗಳು ದಪ್ಪ ದಪ್ಪ ಪುಸ್ತಕಗಳಾಗಿ ಬಂದಿವೆ. ಯಾವುದರಲ್ಲೂ ಅವರ ಹೆಸರಿಲ್ಲ, 'ಸ್ಥಳೀಯ ನುರಿತ ಕೆಲಸಗಾರರು' ಎಂಬ ಒಂದು ಸಾಲಿದೆ. ಹೊರದೇಶದವರು ಬರುವುದು ನಿಂತ ವರ್ಷಗಳಲ್ಲಿ ಕುರಿ ಕಾದರು. ಕೈಗೆ ಅಭ್ಯಾಸ ತಪ್ಪಬಾರದೆಂದು ಅಕ್ಕಪಕ್ಕದವರ ಕೊಟ್ಟಿಗೆಗಳಿಗೆ ಹಸಿ ಇಟ್ಟಿಗೆ ಹಾಕಿಕೊಟ್ಟರು. ಅವೂ ಒಂದೇ ಅಳತೆಯವೇ.

ಒಂದು ಗೋಡೆಯನ್ನು ಮಾತ್ರ ಅವರು ಲೆಕ್ಕಕ್ಕೆ ಸೇರಿಸುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಿದ್ದ ಮಣ್ಣೆಂದು ತಿಳಿದು ಒಂದು ಗೋಡೆಯನ್ನೇ ಕಡಿದು ಬಿಸಾಡಿದ್ದರು. ಈ ಕಸುಬಿನವರಲ್ಲಿ ಇದಕ್ಕೊಂದು ಕಟ್ಟಳೆಯಿದೆ: ಗೋಡೆ ಕಡಿದವನು ತನ್ನ ಪಿಕಾಸಿಯನ್ನು ಅದೇ ಜಾಗದಲ್ಲಿ ಬೋರಲು ಇಟ್ಟು ಬುಟ್ಟಿ ಹೊರಬೇಕು. ಸಲೂಮ್ ಮಗನನ್ನು ಬೈಯಲಿಲ್ಲ, ಹೊಡೆಯಲೂ ಇಲ್ಲ. "ಬುಟ್ಟಿ ಎತ್ತು" ಎಂದಷ್ಟೇ ಹೇಳಿದರು. ಮೂರು ಸಾವಿರ ವರ್ಷ ನಿಂತಿದ್ದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದವರು ಒಂದು ವರ್ಷ ಬುಟ್ಟಿ ಹೊತ್ತರು. ಅಪ್ಪ ಮಾತ್ರ ಸಾಯುವ ತನಕ ಒಂದು ಗೋಡೆಯನ್ನೂ ಕಡಿದವರಲ್ಲ.

ಈಗ ಹೇಳಬೇಕಾದ ಮಾತಿಗೆ ಬರೋಣ. ಯುದ್ಧದ ವರ್ಷಗಳಲ್ಲಿ ಮನೆಯ ಬೀದಿಯಲ್ಲೇ ಒಂದು ಬಾಂಬು ಬಿತ್ತು. ಜೀವ ಉಳಿಯಿತು, ಎಡಗಿವಿ ಆವತ್ತೇ ಹೋಯಿತು. ಬಲಗಿವಿ ವರ್ಷವರ್ಷವೂ ಸ್ವಲ್ಪಸ್ವಲ್ಪವೇ ಹೋಗುತ್ತಿದೆ. ಇದು ಗೊತ್ತಿದ್ದದ್ದು ಹೆಂಡತಿ ನೌಫಾ ಒಬ್ಬರಿಗೇ. "ನಾಲ್ಕು ಸಾವಿರ ವರ್ಷದ ಹಿಂದಿನೋರು ಪಿಸುಗುಟ್ಟಿದ್ರೆ ಕೇಳತ್ತೆ, ಹೆಂಡ್ತಿ ಕೂಗಿದ್ರೆ ಕೇಳಲ್ಲ ಅಂತ ಮೊದಲೆಲ್ಲ ಆಡ್ಕೋತಿದ್ದೆ. ಒಂದಿನ ನಿಜವಾಗ್ಲೂ ಕೇಳ್ತಿಲ್ಲ ಅಂತ ಗೊತ್ತಾಯ್ತು. ಆಮೇಲೆ ತಮಾಷೆ ಬಿಟ್ಟೆ," ಎನ್ನುತ್ತಾರೆ ನೌಫಾ. ಈ ಅಗೆತಕ್ಕೆ ಹೋಗಬೇಡಿ ಎಂದು ಅವರು ಬೇಡಿಕೊಂಡಿದ್ದರು. "ನಾನು ಹೋಗ್ದಿದ್ರೆ ಇನ್ಯಾರಿದ್ದಾರೆ?" ಎಂದು ಗಂಡ ಕೇಳಿದಾಗ ಖರ್ಜೂರದ ಪಾಕ ಸವರಿದ ರೊಟ್ಟಿ ಕಟ್ಟಿಕೊಟ್ಟು ಕಳಿಸಿದರು.

ಎಂಟೂವರೆ. ನಿಬ್ರಾಸ್ ಮೂರನೆಯ ದಿನದ ಮಣ್ಣಿನ ಗುಡ್ಡೆಯನ್ನು ಜರಡಿ ಹಿಡಿಸುತ್ತಿದ್ದಾರೆ. ದಿನಕ್ಕೆ ಮುನ್ನೂರು ಬುಟ್ಟಿ ಮಣ್ಣು, ಎಲ್ಲವನ್ನೂ ಆಗಿಂದಾಗ್ಗೆ ಜರಡಿ ಹಿಡಿಯುವಷ್ಟು ಜನರಿಲ್ಲ. ಜರಡಿಯಲ್ಲಿ ಉಳಿದ ಒಂದು ಹೆಂಟೆಯನ್ನು ಅಂಗೈಯಲ್ಲಿಟ್ಟುಕೊಂಡು ಅವರು ಗುಂಡಿಗೆ ಇಳಿದು ಬರುತ್ತಾರೆ. ಹೆಂಟೆಯ ಒಂದು ಮೈ ನುಣುಪಾಗಿದೆ, ಬೆಳ್ಳಗೆ ಸುಣ್ಣದಂಥ ಲೇಪ, ಅದರ ಮೇಲೆ ಬೆರಳಗಲದ ಕೆಂಪು ಪಟ್ಟಿ.

ಹಮ್ಮಾದಿ ಅದನ್ನು ತೆಗೆದುಕೊಂಡು ತಿರುವುತ್ತಾರೆ. ಹಿಂಭಾಗದಲ್ಲಿ ಸಣ್ಣಗೆ ಕತ್ತರಿಸಿದ ಹುಲ್ಲಿನ ಅಚ್ಚು, ಹಸಿಯಿರುವಾಗ ಯಾರೋ ಎಳೆದ ಮೂರು ಬೆರಳಿನ ಗೀರು. ಬಿದ್ದ ಮಣ್ಣಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ಇದು ಗೋಡೆಯ ಮುಖ. ಈ ಹೆಂಟೆ ಬಂದ ಜಾಗದಲ್ಲಿ ಮೂರನೆಯ ದಿನ ಪಿಕಾಸಿ ಹಿಡಿದಿದ್ದವರು ಅವರೊಬ್ಬರೇ.

"ನೀರು," ಎನ್ನುತ್ತಾರೆ. ಕೊಡ ಬರುತ್ತದೆ. ಕೈಯಾರೆ ನೆಲಕ್ಕೆಲ್ಲ ಚಿಮುಕಿಸಿ, ತುದಿಗಾಲಲ್ಲಿ ಕೂತು ಕಾಯುತ್ತಾರೆ. ನೀರು ಒಣಗುವಾಗ ಇಟ್ಟಿಗೆಯೂ ಅದರ ಸಂದಿನ ಗಾರೆಯೂ ಬೇರೆ ಬೇರೆ ಹೊತ್ತಿಗೆ ಒಣಗುತ್ತವೆ. ಅಷ್ಟರ ನಡುವೆ ಎಣಿಸುವಷ್ಟು ಹೊತ್ತು ಗೆರೆಗಳು ಕಾಣುತ್ತವೆ. ಕಂಡವು: ಚೌಕ ಇಟ್ಟಿಗೆಗಳು, ಎಲ್ಲವೂ ಒಂದೇ ಅಳತೆ. ಅಗಲಕ್ಕೆ ಎರಡೂವರೆ ಇಟ್ಟಿಗೆ, ಎತ್ತರ ಒಂದು ಬೆರಳು. ನದಿಯ ಕಡೆಯಿಂದ ನೀರು ತಿಂದು, ಈ ಕಡೆಯಿಂದ ಹಳೆಯ ಗೋರಿಗಳು ಕೊರೆದು, ಗೋಡೆ ಎಂದು ಉಳಿದಿದ್ದದ್ದು ನಾಲ್ಕು ಹೆಜ್ಜೆಯಷ್ಟು. ಆ ನಾಲ್ಕು ಹೆಜ್ಜೆಯೂ ಈ ಗುಂಡಿಯೊಳಗೇ ಇತ್ತು. ಎದೆಯೆತ್ತರ ನಿಂತಿದ್ದ ಅದನ್ನು ಮೂರು ದಿನದಿಂದ ಬುಟ್ಟಿಬುಟ್ಟಿಯಾಗಿ ಹೊರಗೆ ಹಾಕಿದ್ದಾಯಿತು.

"ನನಗೆ ಕೇಳಿಸಲಿಲ್ಲ," ಎನ್ನುತ್ತಾರೆ ಹಮ್ಮಾದಿ. ಮೊದಲ ಸಲ ಇನ್ನೊಬ್ಬರ ಮುಂದೆ ಕಿವಿ ಮುಟ್ಟಿ ತೋರಿಸುತ್ತಾರೆ. "ತಟ್ಟಿದೆ. ಅದು ಕೂಗಿರತ್ತೆ. ನನಗೆ ಕೇಳಿಸಲಿಲ್ಲ."

ಹತ್ತಕ್ಕೆ ಸರಿಯಾಗಿ ಎಂಜಿನಿಯರ್ ಬರುತ್ತಾರೆ. ಕೆಟ್ಟ ಮನುಷ್ಯರೇನಲ್ಲ. ಬೂಟು ಬಿಚ್ಚಿಟ್ಟು ಗುಂಡಿಗೆ ಇಳಿದು, ನಿಬ್ರಾಸ್ ಮತ್ತೆ ನೀರು ಚಿಮುಕಿಸಿ ತೋರಿಸಿದ ಗೆರೆಗಳ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅಷ್ಟರಲ್ಲಿ ಅರ್ಧ ಗೆರೆಗಳು ಒಣಗಿ ಮಾಯವಾಗಿವೆ. "ನೀನು ಹೇಳೋದನ್ನ ನಾನು ನಂಬ್ತೀನಮ್ಮ," ಎನ್ನುತ್ತಾರೆ. "ಆದ್ರೆ ಒಂದು ಬೆರಳು ಎತ್ತರದ ಗೋಡೆಗೆ ಕಲ್ಲು ಕೇಳಿದ್ರೆ ಮೇಲಿನೋರು ನಗ್ತಾರೆ. ಫೋಟೋದಲ್ಲಿ ಇದು ಬರೀ ಒದ್ದೆ ನೆಲ." ಟೀ ಕುಡಿದು ಜೀಪು ಹತ್ತುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಈ ವಸಂತದ ನೀರಿಗೆ ಈ ಮೂಲೆ ಹೋಗುತ್ತದೆ, ಬರುವ ವರ್ಷ ಒಲೆ, ಅದರಾಚೆಗೆ ಸಭಾಂಗಣ. ಒಬ್ಬರ ತಲೆಯ ಮೇಲೊಬ್ಬರು ಮನೆ ಕಟ್ಟಿಕೊಂಡ ಅಷ್ಟೂ ರಾಜ್ಯಗಳು ಹೇಳಹೆಸರಿಲ್ಲದೆ ದಿಜ್ಲಾದ ಕೆಸರಾಗುತ್ತವೆ. ಸಮಾಧಾನದ ಮಾತೊಂದನ್ನು ಇಲ್ಲಿ ಬರೆಯಬಹುದಿತ್ತು, ಆದರೆ ದಿಬ್ಬದ ಮೇಲೆ ನಿಂತವರಿಗೆ ಅಂಥದ್ದೇನೂ ಕಾಣುತ್ತಿಲ್ಲ.

ಕೆಲಸಗಾರರು ಸಾಮಾನು ಕಟ್ಟುತ್ತಿದ್ದಾರೆ. ನಿಬ್ರಾಸ್ ದಿನಚರಿ ತೆರೆದು ಪೆನ್ನು ಹಿಡಿಯುತ್ತಾರೆ. ಹಮ್ಮಾದಿಯವರಿಗೆ ತುಟಿ ಕಾಣುವಂತೆ ಮುಖ ತಿರುಗಿಸಿ, ನಿಧಾನವಾಗಿ ಹೇಳುತ್ತಾರೆ: "ಗೋಡೆಯನ್ನ ನದಿ ತಿಂದಿತ್ತು ಅಂತ ಬರೀತೀನಿ ಉಸ್ತಾ. ಹೆಂಗೂ ತಿನ್ನೋದೇ ತಾನೇ. ಯಾರಿಗೂ ಗೊತ್ತಾಗಲ್ಲ."

"ನದಿ ಮೇಲೆ ಯಾಕೆ ಹಾಕ್ತೀಯ? ಅದು ಮಾಡಿದ್ದೇ ಬೇಕಾದಷ್ಟಿದೆ." ಹಮ್ಮಾದಿ ಗುಂಡಿಗೆ ಇಳಿಯುತ್ತಾರೆ. ಒಣಗಿದ ಗೆರೆಗಳ ಮೇಲೆ ತಮ್ಮ ಪಿಕಾಸಿಯನ್ನು ಬೋರಲು ಇಡುತ್ತಾರೆ. ಅದರ ಹಿಡಿ ಸಲೂಮ್ ಕೆತ್ತಿದ್ದು, ಹಿಡಿದು ಹಿಡಿದು ಕಪ್ಪಾಗಿದೆ. ಮೇಲೆ ಬಂದು ಖಾಲಿ ಬುಟ್ಟಿಯೊಂದನ್ನು ಕೈಗೆತ್ತಿಕೊಳ್ಳುತ್ತಾರೆ. "ಬರ್ಕೋ. ಗೋಡೆ ಇತ್ತು. ಎರಡೂವರೆ ಇಟ್ಟಿಗೆ ಅಗಲ, ಬಿಳಿ ಲೇಪ, ಕೆಂಪು ಪಟ್ಟಿ. ಇಟ್ಟಿಗೆ ಒಂದೇ ಅಳತೆ, ಒಳ್ಳೇ ಕಾಲದ್ದು. ಕಡಿದೋನು ಹಮ್ಮಾದಿ."

ನಿಬ್ರಾಸ್ ಬರೆಯುತ್ತಾರೆ. ನಲವತ್ತನಾಲ್ಕು ವರ್ಷದಲ್ಲಿ ಆ ಹೆಸರು ಒಂದು ಅಗೆತದ ಪುಸ್ತಕಕ್ಕೆ ಹೋಗುತ್ತಿರುವುದು ಇದೇ ಮೊದಲು. ಇಲ್ಲಿ ಯಾರ ಹೆಸರನ್ನೂ ಅಪ್ಪನ ಹೆಸರು ಬಿಟ್ಟು ಬರೆಯುವ ವಾಡಿಕೆಯಿಲ್ಲ. ಅವರ ಪೆನ್ನು ಅಭ್ಯಾಸಬಲದಿಂದ ಮುಂದಕ್ಕೆ ಸರಿಯುತ್ತದೆ.

ಹಮ್ಮಾದಿ ಪುಟದ ಮೇಲೆ ಮಣ್ಣುಗೈ ಅಡ್ಡ ಇಡುತ್ತಾರೆ. "ಅಷ್ಟೇ ಸಾಕು ಮಗಳೇ. ಸಲೂಮ್ ಅಂತ ಸೇರಿಸಬೇಡ. ನನ್ನಪ್ಪ ಗೋಡೆ ಕಡಿದೋನಲ್ಲ."